ಸೆಟಿರಿಜಿನ್ ನುಂಗಿದರೂ ನಿಲ್ಲದ ಮೂಗು: ಅಧ್ಯಯನಗಳು ಏನು ಹೇಳುತ್ತವೆ?

ನೆಲಮಂಗಲದ ನೆಗಡಿ

ಬೆಂಗಳೂರಿನ ಅಂಚಿಗೆ ಮನೆ ಬದಲಾಯಿಸಿದ ಮೇಲೆ ನನ್ನ ಮೂಗಿಗೆ ವಿರಾಮವೇ ಇಲ್ಲ. ಬೆಳಿಗ್ಗೆ ಏಳುತ್ತಿದ್ದಂತೆ ಸಾಲು ಸೀನು, ಕಣ್ಣಿನ ತುರಿಕೆ, ಆಮೇಲೆ ಧಾರಾಕಾರ ನೀರು. ಮಧ್ಯಾಹ್ನದ ಹೊತ್ತಿಗೆ ಸೋರುವುದು ನಿಂತು ಮೂಗು ಕಟ್ಟಿಕೊಳ್ಳುತ್ತದೆ. ರಾತ್ರಿ ಒಂದು ಸೆಟಿರಿಜಿನ್ ಮಾತ್ರೆ ನುಂಗುತ್ತೇನೆ. ಸೀನು, ತುರಿಕೆ ಹತೋಟಿಗೆ ಬರುತ್ತವೆ. ಕಟ್ಟಿದ ಮೂಗು ಮಾತ್ರ ಇದ್ದ ಹಾಗೆಯೇ ಇರುತ್ತದೆ. ನಡುವೆ ನಿಜವಾದ ಶೀತ ಹಿಡಿದರೆ ಅದೇ ಮಾತ್ರೆಯಿಂದ ಮೂರು ಕಾಸಿನ ಪ್ರಯೋಜನವೂ ಇಲ್ಲ.

ವೈದ್ಯರನ್ನು ಕೇಳಿದರೆ ‘ಅಲರ್ಜಿ, ಮುಂದುವರಿಸಿ’ ಎನ್ನುತ್ತಾರೆ. ಮನೆಯಲ್ಲಿ ‘ದಿನವೂ ನುಂಗಿದರೆ ದೇಹಕ್ಕೆ ಒಗ್ಗಿಹೋಗಿ ಆಮೇಲೆ ನಾಟುವುದಿಲ್ಲ’ ಎನ್ನುತ್ತಾರೆ. ಯಾರ ಮಾತು ನಿಜ? ಮನೆಮದ್ದು ಬೇಡ, ಕಷಾಯದ ಪಟ್ಟಿ ನನ್ನ ಬಳಿ ಸಾಕಷ್ಟಿದೆ. ಇದರ ಬಗ್ಗೆ ಸರಿಯಾದ ಅಧ್ಯಯನಗಳು ಏನು ಕಂಡುಕೊಂಡಿವೆ ಎಂದು ತಿಳಿದವರು ಬರೆಯಿರಿ.

ದಾವಣಗೆರೆ ಔಷಧದಂಗಡಿ

ಅಂಗಡಿಯ ಗಲ್ಲಾದ ಈಚೆಗೆ ನಿಂತು ಹೇಳುತ್ತೇನೆ. ನಮ್ಮಲ್ಲಿ ‘ನೆಗಡಿ ಮಾತ್ರೆ ಕೊಡಿ’ ಎಂದು ಬರುವವರಲ್ಲಿ ಹೆಚ್ಚಿನವರು ಯಾವ ನೆಗಡಿ ಎಂದು ಹೇಳುವುದಿಲ್ಲ. ನಾವು ಕೇಳಿದರೆ ಸಿಟ್ಟಾಗುತ್ತಾರೆ. ಕೊಡುವ ಮಾತ್ರೆಗಳಲ್ಲಿ ಎರಡು ಜಾತಿ ಇವೆ. ಒಂದು, ನೀವು ನುಂಗುವಂಥ ಆಂಟಿಹಿಸ್ಟಮಿನ್ ಎಂಬ ಅಲರ್ಜಿ ಮಾತ್ರೆ: ಸೆಟಿರಿಜಿನ್, ಲೆವೊಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್. ಇನ್ನೊಂದು, ‘ಶೀತದ ಮಾತ್ರೆ’ ಎಂದು ಎಲ್ಲರೂ ಕರೆಯುವ ಮಿಶ್ರಣ. ಅದರಲ್ಲಿ ಜ್ವರಕ್ಕೆ ಪ್ಯಾರಸಿಟಮಾಲ್, ಮೂಗು ಬಿಡಿಸಲೆಂದು ಫಿನೈಲೆಫ್ರಿನ್, ಜೊತೆಗೆ ನಾವು ಸಿಪಿಎಂ ಎನ್ನುವ ಕ್ಲೋರ್‌ಫೆನಿರಮೈನ್ ಇರುತ್ತವೆ. ಕೆಲವದರಲ್ಲಿ ಕೆಫೀನ್ ಕೂಡ. ಸಿಪಿಎಂ ಹಳೆಯ ತಲೆಮಾರಿನ ಆಂಟಿಹಿಸ್ಟಮಿನ್, ನಿದ್ದೆ ಬರಿಸುತ್ತದೆ.

ನೆಲಮಂಗಲದವರೇ, ನಿಮ್ಮ ಮೂಗು ಶೀತಕ್ಕೆ ಸೋರುವುದೂ ಅಲರ್ಜಿಗೆ ಸೋರುವುದೂ ಹೊರಗಿನಿಂದ ನೋಡಿದರೆ ಒಂದೇ. ಒಳಗೆ ಬೇರೆ ಬೇರೆ. ಉಳಿದದ್ದನ್ನು ವೈದ್ಯರು ಹೇಳಲಿ.

ಕಿವಿ ಮೂಗು ಗಂಟಲು

ನಾನು ಈ ವಿಭಾಗದಲ್ಲಿ ಸ್ನಾತಕೋತ್ತರ ಓದುತ್ತಿರುವವನು. ನಿಮ್ಮನ್ನು ಪರೀಕ್ಷಿಸದೆ ನಿಮಗೆ ಇಂಥದ್ದೇ ಕಾಯಿಲೆ ಎನ್ನಲಾರೆ, ಆದರೆ ಪ್ರಶ್ನೆಗೆ ಉತ್ತರ ಇದೆ.

ಮೂಗಿನಿಂದ ನೀರು ಬರಲು ಕನಿಷ್ಠ ಮೂರು ದಾರಿಗಳಿವೆ. ಅಲರ್ಜಿಯಲ್ಲಿ ಪರಾಗವೋ ದೂಳಿನ ನುಸಿಯ ಕಣವೋ ಮೂಗಿನ ಒಳಪದರಕ್ಕೆ ತಾಗಿ, ಅಲ್ಲಿನ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಹಾಕುತ್ತವೆ. ಅದು ನರದ ತುದಿಯನ್ನು ಕೆಣಕಿದರೆ ಸೀನು, ತುರಿಕೆ. ಗ್ರಂಥಿಗಳನ್ನು ಕೆಣಕಿದರೆ ನೀರು. ಆಂಟಿಹಿಸ್ಟಮಿನ್ ಮಾತ್ರೆ ಹಿಸ್ಟಮಿನ್ ಕೂರಬೇಕಾದ ಜಾಗವನ್ನು ಮೊದಲೇ ಹಿಡಿದು ಕೂರುತ್ತದೆ. ಸೀನು ನಿಲ್ಲುವುದು ಅದಕ್ಕೆ. ಆದರೆ ಗಂಟೆಗಳ ನಂತರ ಇಯೊಸಿನೊಫಿಲ್ ಮುಂತಾದ ಬಿಳಿ ರಕ್ತಕಣಗಳು ಬಂದು ಸೇರಿ ಉರಿಯೂತ ಶುರುವಾಗುತ್ತದೆ, ರಕ್ತನಾಳಗಳು ಹಿಗ್ಗುತ್ತವೆ. ಕಟ್ಟಿದ ಮೂಗಿನಲ್ಲಿ ಆ ಎರಡನೆಯ ಅಲೆಯ ಪಾಲು ದೊಡ್ಡದು. ಅಲ್ಲಿ ಹಿಸ್ಟಮಿನ್ ಒಂದೇ ಕಾರಣವಲ್ಲವಾದ್ದರಿಂದ ನಿಮ್ಮ ಮಾತ್ರೆ ಸೋಲುತ್ತದೆ.

ಶೀತದ ಕಥೆ ಬೇರೆ. 1980ರ ದಶಕದಲ್ಲಿ ಅಮೆರಿಕದ ಸಂಶೋಧಕರು ಸ್ವಯಂಸೇವಕರ ಮೂಗಿಗೆ ಬೇಕೆಂದೇ ಶೀತ ತರುವ ರೈನೊವೈರಸ್ ಹಾಕಿ, ದಿನದಿನವೂ ಮೂಗು ತೊಳೆದ ನೀರನ್ನು ಅಳೆದರು. ರೋಗಲಕ್ಷಣ ಬಂದವರಲ್ಲಿ ಕೈನಿನ್ ಎಂಬ ಗುಂಪಿನ ರಾಸಾಯನಿಕಗಳು ಏರಿದ್ದವು, ಹಿಸ್ಟಮಿನ್ ಏರಿರಲಿಲ್ಲ. ಹಿಸ್ಟಮಿನ್ನೇ ಕಾರಣವಲ್ಲದ ಕಡೆ ಹಿಸ್ಟಮಿನ್ ತಡೆಯುವ ಮಾತ್ರೆ ಏನು ಮಾಡೀತು?

ಮೂರನೆಯದು ನರದ ದಾರಿ. ಅದನ್ನು ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳುವವರು ಇದ್ದೇ ಇರುತ್ತಾರೆ.

ಅಂಕಿಯ ಹುಚ್ಚ

ವೈದ್ಯರು ಕಾರಣ ಹೇಳಿದರು, ನಾನು ಲೆಕ್ಕ ಹೇಳುತ್ತೇನೆ. ಶೀತಕ್ಕೆ ಆಂಟಿಹಿಸ್ಟಮಿನ್ ಕೊಟ್ಟ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದ ಕಾಕ್ರೇನ್ ವಿಮರ್ಶೆ 2015ರಲ್ಲಿ ಬಂತು. 18 ಪ್ರಯೋಗಗಳು, 4,342 ಜನ. ಅವರಲ್ಲಿ ಮಕ್ಕಳು 212 ಮಾತ್ರ. ಮೊದಲ ಒಂದೆರಡು ದಿನಗಳಲ್ಲಿ ‘ಒಟ್ಟಾರೆ ವಾಸಿ’ ಎಂದವರು ಮಾತ್ರೆ ಪಡೆದವರಲ್ಲಿ ನೂರಕ್ಕೆ 45, ಔಷಧವೇ ಇಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ನೂರಕ್ಕೆ 38. ಅದಾದ ಮೇಲೆ ವ್ಯತ್ಯಾಸವೇ ಇಲ್ಲ. ಮೂಗು ಸೋರುವುದು, ಸೀನುವುದು, ಕಟ್ಟುವುದು ಎಂದು ಬಿಡಿಬಿಡಿಯಾಗಿ ನೋಡಿದರೆ ರೋಗಿಗೆ ಗೊತ್ತಾಗುವಷ್ಟು ಲಾಭ ಕಾಣಲಿಲ್ಲ. ಮಕ್ಕಳಲ್ಲಿ ಉಪಯೋಗವಾಗುತ್ತದೆ ಎನ್ನಲು ಪುರಾವೆ ಸಿಗಲಿಲ್ಲ.

ಹುಸಿ ಮಾತ್ರೆಯಲ್ಲೂ 38 ಎಂಬುದನ್ನು ಮತ್ತೊಮ್ಮೆ ಓದಿ. ‘ನನಗೆ ನುಂಗಿದ ಮರುದಿನವೇ ವಾಸಿಯಾಯಿತು’ ಎನ್ನುವ ಎಲ್ಲರ ವಾದವೂ ಆ ಸಂಖ್ಯೆಯೊಳಗೆ ಕೂತಿದೆ.

ದಾವಣಗೆರೆ ಔಷಧದಂಗಡಿ

ಅಂಕಿಯವರೇ, ನಿಮ್ಮ ಲೆಕ್ಕ ಒಪ್ಪಿದೆ. ಆದರೆ ಸಿಪಿಎಂ ಕೊಟ್ಟರೆ ಸೋರುವ ಮೂಗು ಒಣಗುವುದನ್ನು ನಾನು ಕಣ್ಣಾರೆ ನೋಡುತ್ತೇನೆ. ಸೆಟಿರಿಜಿನ್‌ನಿಂದ ಹಾಗಾಗುವುದಿಲ್ಲ. ಇದೂ ಭ್ರಮೆಯೇ?

ಕಿವಿ ಮೂಗು ಗಂಟಲು

ಭ್ರಮೆಯಲ್ಲ. ಹಳೆಯ ತಲೆಮಾರಿನ ಮಾತ್ರೆಗಳಿಗೆ ಇನ್ನೊಂದು ಗುಣವಿದೆ. ಗ್ರಂಥಿಗಳಿಗೆ ‘ಸುರಿಸು’ ಎಂದು ಆಜ್ಞೆ ಕೊಡುವ ಅಸಿಟೈಲ್‌ಕೋಲಿನ್ ಎಂಬ ನರವಾಹಕವನ್ನೂ ಅವು ತಡೆಯುತ್ತವೆ. ಸಿಪಿಎಂ ನುಂಗಿದವರ ಬಾಯಿ ಒಣಗುವುದೂ ಇದರಿಂದಲೇ. 1990ರ ದಶಕದ ಪ್ರಯೋಗಗಳಲ್ಲಿ ಕ್ಲೆಮಾಸ್ಟಿನ್, ಬ್ರೋಮ್‌ಫೆನಿರಮೈನ್ ಎಂಬ ಹಳೆಯ ಮಾತ್ರೆಗಳು ಶೀತದಲ್ಲಿ ಸೀನು ಮತ್ತು ನೀರನ್ನು ಸ್ವಲ್ಪ ಕಡಿಮೆ ಮಾಡಿದ್ದು ನಿಜ. ಎಲ್ಲವನ್ನೂ ಒಟ್ಟು ಸೇರಿಸಿದಾಗ ಆ ‘ಸ್ವಲ್ಪ’ ಬಹಳ ಸಣ್ಣದಾಗಿ ಕಂಡಿತು, ನಿದ್ದೆಯ ಮಂಪರು ದೊಡ್ಡದಾಗಿ ಕಂಡಿತು. ಹೊಸ ಮಾತ್ರೆಗಳಿಗೆ ಒಣಗಿಸುವ ಆ ಗುಣ ಇಲ್ಲವೆನ್ನುವಷ್ಟು ಕಡಿಮೆ. ನೀವು ನೋಡಿದ್ದೂ ಸರಿ, ಲೆಕ್ಕವೂ ಸರಿ.

ಶಿರಸಿಯ ಅಜ್ಜ

ಕೇಳುವವರು ಇದ್ದೇ ಇರುತ್ತಾರೆ ಎಂದಿರಲ್ಲ ಡಾಕ್ಟರೇ, ನಾನೇ ಆ ಮನುಷ್ಯ. ನನಗೆ ಸೀನಿಲ್ಲ, ತುರಿಕೆಯಿಲ್ಲ. ಬಿಸಿ ಸಾರು, ಅಪ್ಪೆಹುಳಿ, ಖಾರದ ಗೊಜ್ಜು ಎಲೆಗೆ ಬಿದ್ದರೆ ಸಾಕು, ಮೂಗು ಎರಡೂ ಕಡೆ ಸೋರಲು ಶುರು. ಊಟ ಮುಗಿದರೆ ನಿಲ್ಲುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಟವೆಲು ಹಿಡಿದೇ ಕೂರಬೇಕು. ಮೊಮ್ಮಗ ತಂದುಕೊಟ್ಟ ಲೆವೊಸೆಟಿರಿಜಿನ್‌ನಿಂದ ಏನೂ ಆಗಲಿಲ್ಲ. ಈಗ ಯಾರೋ ಸಿಪಿಎಂ ನುಂಗಿ ಎಂದಿದ್ದಾರೆ, ನುಂಗಬಹುದೇ?

ಕಿವಿ ಮೂಗು ಗಂಟಲು

ಅಜ್ಜ, ದಯವಿಟ್ಟು ಬೇಡ. ಮೊದಲು ನಿಮ್ಮ ಮೂಗಿನ ವಿಷಯ. ಖಾರ ಮತ್ತು ಬಿಸಿ ನಾಲಿಗೆಯ, ಬಾಯಿಯ ನರಗಳನ್ನು ಕೆಣಕುತ್ತವೆ. ಪ್ರತಿಕ್ರಿಯೆಯಾಗಿ ಮೂಗಿನ ಗ್ರಂಥಿಗಳಿಗೆ ಸುರಿಸುವ ಆಜ್ಞೆ ಹೋಗುತ್ತದೆ. ನಾನು ಹೇಳಿದ ಮೂರನೆಯ ದಾರಿ ಇದೇ, ಹಿಸ್ಟಮಿನ್‌ಗೆ ಇಲ್ಲಿ ಕೆಲಸವೇ ಇಲ್ಲ. ಖಾರ ತಿಂದಾಗ ಸೋರುವ ಮೂಗಿನ ಬಗ್ಗೆ 1989ರಲ್ಲೇ ಅಧ್ಯಯನ ಪ್ರಕಟವಾಗಿದೆ; ಮೂಗಿಗೆ ಮೊದಲೇ ಅಸಿಟೈಲ್‌ಕೋಲಿನ್ ತಡೆಯುವ ಅಟ್ರೋಪಿನ್ ಹಾಕಿದರೆ ಸೋರುವುದು ನಿಲ್ಲುತ್ತದೆ ಎಂದು ಅದು ತೋರಿಸಿತು. ಈಗ ಆ ಕೆಲಸಕ್ಕೆ ಇಪ್ರಟ್ರೋಪಿಯಂ ಎಂಬ ಮೂಗಿನ ಸ್ಪ್ರೇ ಬಳಸುತ್ತಾರೆ. ಅದು ನೀರನ್ನು ಮಾತ್ರ ನಿಲ್ಲಿಸುತ್ತದೆ, ಕಟ್ಟಿದ ಮೂಗಿಗೆ ಉಪಯೋಗವಿಲ್ಲ. ವಯಸ್ಸಾದವರಿಗೆ ಊಟವಿಲ್ಲದೆಯೂ ಹೀಗೆ ಸೋರುವುದುಂಟು. ತಂಪು ಗಾಳಿ, ಅಗರಬತ್ತಿಯ ಹೊಗೆ, ಒಗ್ಗರಣೆಯ ಘಾಟು ಸಾಕು.

ಇನ್ನು ಸಿಪಿಎಂ. ಗಂಡಸರಿಗೆ ವಯಸ್ಸಾದ ಮೇಲೆ ಪ್ರಾಸ್ಟೇಟ್ ದಪ್ಪವಾಗಿರುವುದು ಸಾಮಾನ್ಯ; ಸಿಪಿಎಂ ನುಂಗಿದರೆ ಮೂತ್ರ ಕಟ್ಟಿಕೊಳ್ಳಬಹುದು. ಕಣ್ಣಿನೊಳಗೆ ಒತ್ತಡ ಏರುವ ಗ್ಲೂಕೋಮಾದ ಒಂದು ಬಗೆ ಇದ್ದರೆ ಕಣ್ಣಿಗೆ ಅಪಾಯ. ರಾತ್ರಿ ಎದ್ದಾಗ ತೂರಾಡಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡವರನ್ನು ನಮ್ಮ ಪಕ್ಕದ ವಾರ್ಡಿನಲ್ಲಿ ಆಗಾಗ ನೋಡುತ್ತೇನೆ.

ಅಂಕಿಯ ಹುಚ್ಚ

ಅದಕ್ಕೇ ಸೇರಿಸುತ್ತೇನೆ. ಅಮೆರಿಕದ ಸಿಯಾಟಲ್‌ನಲ್ಲಿ 65 ದಾಟಿದ 3,434 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಸಿಪಿಎಂ ಸೇರಿದಂತೆ ಅಸಿಟೈಲ್‌ಕೋಲಿನ್ ತಡೆಯುವ ಔಷಧಗಳನ್ನು ದೀರ್ಘಕಾಲ, ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಮರೆವಿನ ಕಾಯಿಲೆ ಹೆಚ್ಚಾಗಿ ಕಂಡಿತು. ಇದು ಸಂಬಂಧ ತೋರಿಸುವ ಅಧ್ಯಯನವೇ ಹೊರತು ‘ಇದರಿಂದಲೇ ಅದು’ ಎಂದು ಸಾಧಿಸುವುದಲ್ಲ. ಅಪರೂಪಕ್ಕೊಮ್ಮೆ ಒಂದು ಮಾತ್ರೆ ನುಂಗಿದವರು ಗಾಬರಿಯಾಗಬೇಕಿಲ್ಲ.

ಹರಿಹರ ಲಾರಿ

ನಾನು ಲಾರಿ ಓಡಿಸುವವನು. ನಮ್ಮವರಲ್ಲಿ ಅನೇಕರು ‘ಸೆಟಿರಿಜಿನ್ ನಿದ್ದೆ ಬರಿಸುವುದಿಲ್ಲ’ ಎಂದು ನುಂಗಿ ರಾತ್ರಿ ಗಾಡಿ ಹತ್ತುತ್ತಾರೆ. ನನಗೆ ನುಂಗಿದರೆ ಕಣ್ಣು ಎಳೆಯುತ್ತದೆ. ನಾನು ಸುಳ್ಳೋ ಮಾತ್ರೆ ಸುಳ್ಳೋ?

ಅಂಕಿಯ ಹುಚ್ಚ

ಅಣ್ಣ, ನೀವು ಸುಳ್ಳಲ್ಲ. ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು ಮಾತ್ರೆ ನುಂಗಿದವರ ಮಿದುಳನ್ನು ಪೆಟ್ ಸ್ಕ್ಯಾನ್ ಮಾಡಿ, ಅಲ್ಲಿನ ಹಿಸ್ಟಮಿನ್ ಗ್ರಾಹಕಗಳಲ್ಲಿ, ಅಂದರೆ ಹಿಸ್ಟಮಿನ್ ಕೂರುವ ಜಾಗಗಳಲ್ಲಿ, ಎಷ್ಟು ಪಾಲು ಮಾತ್ರೆಯ ವಶವಾಗಿದೆ ಎಂದು ಅಳೆದರು. ಹಳೆಯ ಕ್ಲೋರ್‌ಫೆನಿರಮೈನ್ ಸುಮಾರು ಅರ್ಧ ಅಥವಾ ಅದಕ್ಕೂ ಹೆಚ್ಚು ಹಿಡಿದಿತ್ತು. ಸೆಟಿರಿಜಿನ್ 10 ಮಿಲಿಗ್ರಾಂ ನೂರಕ್ಕೆ 12–13ರಷ್ಟು, 20 ಮಿಲಿಗ್ರಾಂ ಆದರೆ 25ರಷ್ಟು. ಫೆಕ್ಸೊಫೆನಡಿನ್ 120 ಮಿಲಿಗ್ರಾಂ ಸೊನ್ನೆ. ಅಂದರೆ ಸೆಟಿರಿಜಿನ್‌ಗೆ ನಿದ್ದೆ ಕಡಿಮೆ, ಇಲ್ಲವೆಂದಲ್ಲ.

ಇನ್ನೊಂದು ನಿಮಗೆ ಬಹಳ ಮುಖ್ಯ. ಅಮೆರಿಕದ ಅಯೋವಾದಲ್ಲಿ ವಾಹನ ಚಾಲನೆಯ ಕೃತಕ ಯಂತ್ರದಲ್ಲಿ 40 ಜನರನ್ನು ಕೂರಿಸಿ ಪರೀಕ್ಷಿಸಿದರು. 2000ದಲ್ಲಿ ಫಲಿತಾಂಶ ಬಂತು. ಡೈಫೆನ್‌ಹೈಡ್ರಮೈನ್ ಎಂಬ ಹಳೆಯ ಆಂಟಿಹಿಸ್ಟಮಿನ್ 50 ಮಿಲಿಗ್ರಾಂ ನುಂಗಿದವರು ಮದ್ಯ ಕುಡಿದವರಿಗಿಂತ ಕೆಟ್ಟದಾಗಿ ಓಡಿಸಿದರು. ಫೆಕ್ಸೊಫೆನಡಿನ್ ನುಂಗಿದವರು ಹುಸಿ ಮಾತ್ರೆಯವರಷ್ಟೇ ಚೆನ್ನಾಗಿ ಓಡಿಸಿದರು. ನಿದ್ದೆ ಬರುತ್ತಿದೆಯೇ ಎಂದು ಕೇಳಿದಾಗ ಚಾಲಕರು ಕೊಟ್ಟ ಉತ್ತರಕ್ಕೂ ಅವರು ಓಡಿಸಿದ ರೀತಿಗೂ ತಾಳೆಯಾಗಲಿಲ್ಲ. ‘ನನಗೇನೂ ಆಗಿಲ್ಲ’ ಎನ್ನುವ ಚಾಲಕನ ಮಾತನ್ನು ನಂಬಿ ಗಾಡಿಯ ಕೀಲಿ ಕೊಡುವಂತಿಲ್ಲ.

ದಾವಣಗೆರೆ ಔಷಧದಂಗಡಿ

ಲಾರಿಯಣ್ಣ, ವೈದ್ಯರು ಫೆಕ್ಸೊಫೆನಡಿನ್ ಬರೆದುಕೊಟ್ಟರೆ ನೀರಿನಲ್ಲೇ ನುಂಗಿ. ಕಿತ್ತಳೆ, ಸೇಬಿನ ರಸದ ಜೊತೆ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ಬಹಳ ತಗ್ಗುತ್ತದೆ. ಹೆದ್ದಾರಿ ಪಕ್ಕದ ಜ್ಯೂಸ್ ಅಂಗಡಿಯಲ್ಲಿ ನಿಂತು ನುಂಗುವವರಿದ್ದಾರೆ, ಅದಕ್ಕೆ ಹೇಳಿದೆ.

ಸಂಶಯ ಪಿಶಾಚಿ

ಎಲ್ಲರೂ ಸಂಶೋಧನೆ ಸಂಶೋಧನೆ ಎನ್ನುತ್ತಿದ್ದೀರಿ. ಇವಕ್ಕೆಲ್ಲ ಹಣ ಹಾಕುವವರು ಮಾತ್ರೆ ಮಾರುವವರೇ ಅಲ್ಲವೇ?

ಅಂಕಿಯ ಹುಚ್ಚ

ಅನೇಕ ಸಲ ಹೌದು, ಹಾಗಾಗಿಯೇ ಯಾವುದನ್ನು ಯಾವುದರ ಜೊತೆ ಹೋಲಿಸಿದ್ದಾರೆ ಎಂದು ನೋಡಬೇಕು. ವರ್ಷವಿಡೀ ಕಾಡುವ ಅಲರ್ಜಿಯ ಮೂಗಿಗೆ ಲೆವೊಸೆಟಿರಿಜಿನ್ ಕೊಟ್ಟು ಆರು ತಿಂಗಳು ನೋಡಿದ ಪ್ರಯೋಗ ಒಂದಿದೆ. ಯುರೋಪಿನ 551 ವಯಸ್ಕರು, ಪ್ರಕಟವಾದದ್ದು 2004ರಲ್ಲಿ, ಹಣ ಮಾತ್ರೆ ತಯಾರಿಸುವ ಕಂಪನಿಯದೇ. ಹುಸಿ ಮಾತ್ರೆಗಿಂತ ಇದು ಮೇಲು, ಆರು ತಿಂಗಳಾದರೂ ಪರಿಣಾಮ ಕುಂದಲಿಲ್ಲ ಎಂದು ಬಂತು. ನೆಲಮಂಗಲದವರ ಮನೆಯವರು ಹೇಳುವ ‘ಒಗ್ಗಿಹೋಗುತ್ತದೆ’ ಎಂಬ ಮಾತಿಗೆ ಇದೇ ಉತ್ತರ. ಆದರೆ ಹುಸಿ ಮಾತ್ರೆಯನ್ನು ಸೋಲಿಸುವುದು ದೊಡ್ಡ ಸಂಗತಿಯಲ್ಲ.

ಕಷ್ಟದ ಪ್ರಶ್ನೆ, ಮಾತ್ರೆಯೋ ಮೂಗಿನ ಸ್ಟೀರಾಯ್ಡ್ ಸ್ಪ್ರೇಯೋ ಎಂಬುದು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 1998ರಲ್ಲಿ ಬಂದ ವಿಮರ್ಶೆ 16 ಪ್ರಯೋಗಗಳನ್ನೂ 2,267 ರೋಗಿಗಳನ್ನೂ ಒಟ್ಟಿಗೆ ನೋಡಿತು. ಕಟ್ಟಿದ ಮೂಗು, ಸೋರುವ ಮೂಗು, ಸೀನು, ತುರಿಕೆ, ಗಂಟಲಿಗಿಳಿಯುವ ಕಫ ಎಲ್ಲದರಲ್ಲೂ ಸ್ಪ್ರೇ ಮಾತ್ರೆಗಿಂತ ಮುಂದಿತ್ತು. ಕಣ್ಣಿನ ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಷ್ಟು ಹಳೆಯ ಮಾತು. ಆದರೂ ನಮ್ಮಲ್ಲಿ ಮಾತ್ರೆಯ ಪಟ್ಟಿ ಮೊದಲು ಬರುತ್ತದೆ, ಸ್ಪ್ರೇ ಕೊನೆಗೆ.

ದಾವಣಗೆರೆ ಔಷಧದಂಗಡಿ

ಏಕೆಂದರೆ ಮಾತ್ರೆಗೆ ಕೆಲವೇ ರೂಪಾಯಿ, ಸ್ಪ್ರೇಗೆ ನೂರಾರು. ‘ಸ್ಟೀರಾಯ್ಡ್’ ಎಂಬ ಪದ ಕೇಳಿದರೆ ತಾಯಂದಿರು ಬಾಟಲಿಯನ್ನು ಹಿಂದಕ್ಕೆ ತಳ್ಳುತ್ತಾರೆ. ತೆಗೆದುಕೊಂಡವರೂ ಎರಡು ದಿನ ಹೊಡೆದು ‘ನಾಟಲಿಲ್ಲ’ ಎಂದು ಬಿಡುತ್ತಾರೆ.

ಕಿವಿ ಮೂಗು ಗಂಟಲು

ಎರಡು ದಿನಕ್ಕೆ ಅದು ನಾಟುವುದೇ ಇಲ್ಲ. ಪೂರ್ತಿ ಪರಿಣಾಮಕ್ಕೆ ಒಂದೆರಡು ವಾರ ಬೇಕು, ಅದೂ ದಿನ ತಪ್ಪದೆ ಹಾಕಿದರೆ. ಹಾಕುವ ರೀತಿಯೂ ತಪ್ಪಿರುತ್ತದೆ. ತಲೆ ಹಿಂದಕ್ಕೆ ಬಗ್ಗಿಸಬಾರದು, ಸ್ವಲ್ಪ ಮುಂದಕ್ಕೆ ಬಗ್ಗಿಸಬೇಕು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ತುದಿ ಮೂಗಿನ ನಡುಗೋಡೆಯ ಕಡೆಗಲ್ಲ, ಅದೇ ಬದಿಯ ಕಣ್ಣಿನ ಹೊರತುದಿಯ ಕಡೆಗಿರಬೇಕು. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಹೊಡೆದ ಮೇಲೆ ಸೊರ್ರೆಂದು ಎಳೆದರೆ ಔಷಧವೆಲ್ಲ ಗಂಟಲಿಗೆ. ಫ್ಲುಟಿಕಸೋನ್, ಮೊಮೆಟಸೋನ್ ಸ್ಪ್ರೇಗಳಿಂದ ರಕ್ತಕ್ಕೆ ಸೇರುವ ಪಾಲು ಬಹಳ ಕಡಿಮೆ. ನುಂಗುವ ಸ್ಟೀರಾಯ್ಡ್ ಮಾತ್ರೆಯ ಭಯವನ್ನು ಇದಕ್ಕೆ ಹಚ್ಚಬೇಡಿ. ಮಕ್ಕಳಿಗೆ ಮಾತ್ರ ವೈದ್ಯರ ಕಣ್ಗಾವಲಿನಲ್ಲಿ.

ಇನ್ನೊಂದು ಸ್ಪ್ರೇ ಇದೆ, ಅದಕ್ಕೂ ಇದಕ್ಕೂ ಗೊಂದಲ ಬೇಡ. ಆಕ್ಸಿಮೆಟಜೊಲಿನ್, ಕ್ಸೈಲೊಮೆಟಜೊಲಿನ್ ಹನಿಗಳು ಐದು ನಿಮಿಷದಲ್ಲಿ ಮೂಗು ಬಿಡಿಸುತ್ತವೆ, ಹಾಗಾಗಿ ಜನಕ್ಕೆ ಪ್ರೀತಿ. ನಾಲ್ಕೈದು ದಿನ ದಾಟಿದರೆ ಔಷಧ ಇಳಿದಾಗ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ, ಮತ್ತೆ ಹನಿ ಬೇಕಾಗುತ್ತದೆ. ಜೇಬಿನಲ್ಲಿ ಬಾಟಲಿ ಇಟ್ಟುಕೊಂಡೇ ವರ್ಷಗಳಿಂದ ಓಡಾಡುವವರು ನಮ್ಮ ಹೊರರೋಗಿ ವಿಭಾಗಕ್ಕೆ ಬರುತ್ತಾರೆ.

ನುಂಗುವ ಫಿನೈಲೆಫ್ರಿನ್ ಬಗ್ಗೆಯೂ ಹೇಳಬೇಕು. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ, ಬಾಯಿಯ ಮೂಲಕ ತೆಗೆದುಕೊಂಡರೆ ಅದು ಮೂಗು ಬಿಡಿಸುವುದಿಲ್ಲ ಎಂದು 16–0 ಮತಗಳಿಂದ ತೀರ್ಮಾನಿಸಿತು. ನಮ್ಮ ಶೀತದ ಮಾತ್ರೆಗಳಲ್ಲಿ ಹೆಚ್ಚಿನವು ಅದನ್ನೇ ನೆಚ್ಚಿಕೊಂಡಿವೆ.

ಇಬ್ಬರು ಮಕ್ಕಳ ತಾಯಿ

ಮಕ್ಕಳ ವಿಷಯ ಬಂತಲ್ಲ, ಕೇಳಿಬಿಡುತ್ತೇನೆ. ಚಿಕ್ಕವನಿಗೆ ಮೂರು ವರ್ಷ. ಅಂಗನವಾಡಿಗೆ ಹೋದಾಗಿನಿಂದ ಮೂಗು ಒಣಗಿದ್ದೇ ಇಲ್ಲ. ಸಿರಪ್ಪಿನ ಬಾಟಲಿ ಫ್ರಿಜ್ಜಿನಲ್ಲಿ ಸದಾ ಇರುತ್ತದೆ. ಅತ್ತೆಯವರು ‘ಸಿರಪ್ಪು ಹಾಕಿದರೆ ಮಗು ನಿದ್ದೆಯಾದರೂ ಮಾಡುತ್ತದೆ’ ಎನ್ನುತ್ತಾರೆ.

ಕಿವಿ ಮೂಗು ಗಂಟಲು

ಮೇಡಂ, ಆ ಬಾಟಲಿಯ ಮೇಲೆ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಎಂದಿದ್ದರೆ ಅದನ್ನು ಇನ್ನು ಕೊಡಬೇಡಿ. ಆ ಮಿಶ್ರಣವನ್ನು ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡಬಾರದು, ಬಾಟಲಿಯ ಮೇಲೆ ಹಾಗೆ ಮುದ್ರಿಸಬೇಕು ಎಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಆದೇಶಿಸಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಎರಡು ವರ್ಷದೊಳಗಿನವರಿಗೆ ಕೆಮ್ಮು ಮತ್ತು ಶೀತದ ಔಷಧ ಬರೆಯಲೇಬಾರದು, ಐದರೊಳಗೆ ಸಾಮಾನ್ಯವಾಗಿ ಬೇಡ ಎಂದಿತು. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಿರಪ್ಪು ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತ ಸಮಯ ಅದು. ಅಲ್ಲಿ ಕೊಂದದ್ದು ಆಂಟಿಹಿಸ್ಟಮಿನ್ ಅಲ್ಲ, ಸಿರಪ್ಪಿನಲ್ಲಿ ಸೇರಿಕೊಂಡಿದ್ದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಆದರೆ ಉಪಯೋಗಕ್ಕೆ ಪುರಾವೆಯೇ ಇಲ್ಲದ ಔಷಧಕ್ಕಾಗಿ ಆ ಅಪಾಯವನ್ನಾದರೂ ಏಕೆ ತೆಗೆದುಕೊಳ್ಳಬೇಕು?

ಆ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ಶೀತ ಬರುವುದು ಸಹಜ. ಒಂದು ಮುಗಿಯುವ ಮೊದಲೇ ಇನ್ನೊಂದು ಹಿಡಿಯುವುದರಿಂದ ಸದಾ ಸೋರುವಂತೆ ಕಾಣುತ್ತದೆ. ಮೂಗಿಗೆ ಉಪ್ಪುನೀರಿನ ಹನಿ ಸಾಕು. ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ಮೂಗಿನ ಹಿಂಭಾಗದಲ್ಲಿರುವ ಅಡೆನಾಯ್ಡ್ ಗ್ರಂಥಿ ಊದಿದೆಯೇ ಎಂದು ವೈದ್ಯರಿಗೆ ತೋರಿಸಿ.

ಒಂದೇ ಹೊಳ್ಳೆಯಿಂದ ವಾಸನೆಯ ಸಿಂಬಳ ಬಂದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಎಂದೇ ತಿಳಿಯಿರಿ. ಹುಣಸೆ ಬೀಜ, ಮಣಿ, ಕಡಲೆ ತೆಗೆಯುವುದು ನಮ್ಮ ನಿತ್ಯದ ಕೆಲಸ. ಆಟಿಕೆಯ ಗುಂಡಿ ಬ್ಯಾಟರಿ ಇರಬಹುದೆಂಬ ಅನುಮಾನ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಅದು ಕೆಲವೇ ಗಂಟೆಗಳಲ್ಲಿ ಮೂಗಿನ ನಡುಗೋಡೆಯನ್ನು ಸುಡುತ್ತದೆ.

ಇಬ್ಬರು ಮಕ್ಕಳ ತಾಯಿ

ಬಾಟಲಿ ತೆಗೆದು ನೋಡಿದೆ, ಅವೆರಡೇ ಇವೆ. ಎಚ್ಚರಿಕೆಯ ಸಾಲು ಇದೆ, ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ. ಅತ್ತೆಯವರಿಗೂ ಓದಿ ಹೇಳಿದೆ.

ಪ್ರಾಣಾಯಾಮ ಮೈಸೂರು

ಇಷ್ಟೆಲ್ಲ ರಾಸಾಯನಿಕದ ಬದಲು ಜಲನೇತಿ ಮಾಡಿ. ನಾನು ನಿತ್ಯ ಮಾಡುತ್ತೇನೆ, ಮಾತ್ರೆಯ ಮುಖ ನೋಡಿಲ್ಲ.

ಕಿವಿ ಮೂಗು ಗಂಟಲು

ಉಪ್ಪುನೀರಿನಿಂದ ಮೂಗು ತೊಳೆಯುವುದಕ್ಕೆ ನಮ್ಮ ವಿರೋಧವಿಲ್ಲ. ಅಲರ್ಜಿಯ ಮೂಗಿಗೆ ಅದು ಉಪಯೋಗವಾಗುವಂತಿದೆ ಎಂದು 2018ರ ಕಾಕ್ರೇನ್ ವಿಮರ್ಶೆಯೂ ಹೇಳಿದೆ. ಪುರಾವೆ ಅಷ್ಟು ಗಟ್ಟಿಯಿಲ್ಲ ಎಂದೂ ಸೇರಿಸಿದೆ. ನನ್ನ ಒಂದೇ ಷರತ್ತು, ನೀರು ಕುದಿಸಿ ಆರಿಸಿದ್ದಾಗಿರಬೇಕು. ಅಮೆರಿಕದ ಲೂಸಿಯಾನಾದಲ್ಲಿ 2011ರಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ಮಿದುಳು ತಿನ್ನುವ ಅಮೀಬಾ ಸೋಂಕಿನಿಂದ ಸತ್ತರು. ಪಕ್ಕದ ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಅಮೀಬಾದ ಮಿದುಳು ಜ್ವರ ಸುದ್ದಿಯಲ್ಲಿದೆ. ಬಾವಿ ನೀರು, ಬೋರ್‌ವೆಲ್ ನೀರು ನೇರವಾಗಿ ಬೇಡ.

ಮ್ಯಾಂಚೆಸ್ಟರ್ ಕನ್ನಡಿಗ

ನೆಲಮಂಗಲದವರೇ, ನಿಮ್ಮ ಬೀದಿಯಲ್ಲಿ ಖಾಲಿ ನಿವೇಶನಗಳಿವೆಯೇ? ಬಿಳಿ ಹೂವಿನ ಪಾರ್ಥೇನಿಯಂ ತುಂಬಿದೆಯೇ? 1991ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬೆಂಗಳೂರಿನಲ್ಲಿ ನೂರಕ್ಕೆ ಏಳು ಮಂದಿಗೆ ಪಾರ್ಥೇನಿಯಂ ಪರಾಗದಿಂದ ಮೂಗಿನ ಅಲರ್ಜಿ ಇದೆ ಎಂದು ಅಂದಾಜು ಮಾಡಿತ್ತು. ಆ ಕಳೆಯನ್ನು ತಿನ್ನಲೆಂದು ಮೆಕ್ಸಿಕೋದಿಂದ ಜೀರುಂಡೆ ತಂದು 1984ರಲ್ಲಿ ಬೆಂಗಳೂರಿನಲ್ಲೇ ಬಿಟ್ಟಿದ್ದರು. ಜೀರುಂಡೆ ಮಳೆಗಾಲದಲ್ಲಿ ಎಲೆ ತಿನ್ನುತ್ತದೆ, ಕಳೆ ಮತ್ತೆ ಚಿಗುರುತ್ತದೆ.

ನನಗೆ ಇಲ್ಲಿ ಜೂನ್ ಬಂತೆಂದರೆ ಹುಲ್ಲಿನ ಪರಾಗ. ಇಲ್ಲಿಯ ಹವಾಮಾನ ಇಲಾಖೆ ಮಳೆಯ ಜೊತೆಗೆ ಪರಾಗದ ಮುನ್ಸೂಚನೆಯನ್ನೂ ಕೊಡುತ್ತದೆ, ಸ್ಟೀರಾಯ್ಡ್ ಸ್ಪ್ರೇ ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಪರಾಗದ ಕಾಲಕ್ಕೆ ಮುಂಚೆಯೇ ಶುರುಮಾಡಿ ಎನ್ನುತ್ತಾರೆ. ಊರಿಗೆ ಬಂದರೆ ನನ್ನ ಮೂಗು ಸುಮ್ಮನಿರುತ್ತದೆ. ನಮ್ಮಮ್ಮ ಅದಕ್ಕೆ ಊರಿನ ಹವೆಯೇ ಕಾರಣ ಎಂದು ಬೀಗುತ್ತಾರೆ.

ಕಿವಿ ಮೂಗು ಗಂಟಲು

ಕಳೆಯ ಜೊತೆ ಹಾಸಿಗೆಯನ್ನೂ ನೋಡಿ. ಎದ್ದ ಕೂಡಲೇ ಸೀನು ಎಂದರೆ ದೂಳಿನ ನುಸಿಯ ಮೇಲೂ ಅನುಮಾನ ಬರುತ್ತದೆ. ಹತ್ತಿಯ ಹಳೆಯ ದಿಂಬು, ತಿಂಗಳುಗಟ್ಟಲೆ ಒಗೆಯದ ಕಂಬಳಿ ಅವಕ್ಕೆ ಅಚ್ಚುಮೆಚ್ಚು. ಬಯಲುಸೀಮೆಯ ಕಡೆಯವರಿಗೆ ಬಳ್ಳಾರಿ ಜಾಲಿಯ ಪರಾಗವೂ ಸೇರುತ್ತದೆ.

ಹಾಸನದ ಶಿಕ್ಷಕಿ

ನನಗೆ ಬಲ ಹೊಳ್ಳೆಯಿಂದ ಮಾತ್ರ ನೀರು. ಸೀನಿಲ್ಲ. ಮಕ್ಕಳ ಪುಸ್ತಕ ನೋಡಲು ಬಗ್ಗಿದರೆ ತಟತಟ ಬೀಳುತ್ತದೆ, ಬಾಯಿಗೆ ಬಂದರೆ ಉಪ್ಪುಪ್ಪು. ಅಲರ್ಜಿ ಎಂದು ಲೆವೊಸೆಟಿರಿಜಿನ್ ಜೊತೆ ಮಾಂಟೆಲುಕಾಸ್ಟ್ ಎಂಬ ಇನ್ನೊಂದು ಅಲರ್ಜಿ ಔಷಧ ಇರುವ ಮಾತ್ರೆ ಕೊಟ್ಟಿದ್ದಾರೆ. ಪ್ರಯೋಜನವಾಗಿಲ್ಲ.

ಕಿವಿ ಮೂಗು ಗಂಟಲು

ಮೇಡಂ, ದಯವಿಟ್ಟು ಇದನ್ನು ಮುಂದೂಡಬೇಡಿ. ಒಂದೇ ಕಡೆಯಿಂದ, ತಿಳಿನೀರಿನಂತೆ, ಬಗ್ಗಿದಾಗ ಬೀಳುವುದು ಎಂದರೆ ಮಿದುಳಿನ ಸುತ್ತ ಇರುವ ದ್ರವ ತಲೆಬುರುಡೆಯ ತಳದ ಬಿರುಕಿನಿಂದ ಸೋರುತ್ತಿರಬಹುದು. ತಲೆಗೆ ಪೆಟ್ಟು ಬಿದ್ದ ಮೇಲೆ ಆಗಬಹುದು, ಪೆಟ್ಟಿಲ್ಲದೆಯೂ ಆಗಬಹುದು. ಅಲರ್ಜಿ ಎಂದು ವರ್ಷಗಟ್ಟಲೆ ಚಿಕಿತ್ಸೆ ಪಡೆದ ಮೇಲೆ ಇದು ಪತ್ತೆಯಾದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ಆ ದಾರಿಯಿಂದಲೇ ಸೋಂಕು ಒಳಗೆ ಹೋಗಿ ಮಿದುಳು ಪೊರೆಯ ಜ್ವರ ಬರಬಹುದು. ಬೀಳುವ ನೀರನ್ನು ಶುಭ್ರವಾದ ಸಣ್ಣ ಡಬ್ಬಿಯಲ್ಲಿ ಹಿಡಿದು ಈ ವಾರವೇ ಕಿವಿ ಮೂಗು ಗಂಟಲು ತಜ್ಞರ ಬಳಿ ಹೋಗಿ. ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪರೀಕ್ಷೆಯಿಂದ ಗೊತ್ತಾಗುತ್ತದೆ. ಜ್ವರ, ತೀವ್ರ ತಲೆನೋವು, ಕುತ್ತಿಗೆ ಬಿಗಿತ ಬಂದರೆ ನೇರವಾಗಿ ತುರ್ತು ವಿಭಾಗಕ್ಕೆ. ಅದು ಬೇರೇನೋ ಆಗಿದ್ದರೂ ಒಂದೇ ಕಡೆಯ ಸೋರಿಕೆಯನ್ನು ಒಳಗೆ ದುರ್ಬೀನು ಹಾಕಿ ನೋಡಲೇಬೇಕು.

ಮಾಂಟೆಲುಕಾಸ್ಟ್ ಬಗ್ಗೆ ಎಲ್ಲರಿಗೂ: ಮನಸ್ಸಿನ ಮೇಲಾಗುವ ಪರಿಣಾಮಗಳಿಗಾಗಿ ಅಮೆರಿಕದ ಔಷಧ ಸಂಸ್ಥೆ 2020ರ ಮಾರ್ಚ್‌ನಲ್ಲಿ ಅದಕ್ಕೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಬರೀ ಮೂಗಿನ ಅಲರ್ಜಿಗೆ ಬೇರೆಲ್ಲ ವಿಫಲವಾದ ಮೇಲೆ ಬಳಸಿ ಎಂಬುದು ಅವರ ಸಲಹೆ. ನಮ್ಮಲ್ಲಿ ಅದೇ ಮೊದಲ ಮಾತ್ರೆ. ಕೆಟ್ಟ ಕನಸು, ವಿನಾಕಾರಣ ಸಿಡುಕು, ಬೇಸರ ಕಂಡರೆ ವೈದ್ಯರಿಗೆ ತಿಳಿಸಿ.

ಹಾಸನದ ಶಿಕ್ಷಕಿ

ಓದಿ ಗಾಬರಿಯಾಯಿತು, ಆದರೂ ಹೇಳಿದ್ದು ಒಳ್ಳೆಯದಾಯಿತು. ಗುರುವಾರ ತಜ್ಞರ ಸಮಯ ಸಿಕ್ಕಿದೆ. ಡಬ್ಬಿ ಒಯ್ಯುತ್ತೇನೆ.

ನೆಲಮಂಗಲದ ನೆಗಡಿ

ನಾನು ಕೇಳಿದ್ದು ಒಂದು, ಸಿಕ್ಕಿದ್ದು ಹತ್ತು. ಪಕ್ಕದ ನಿವೇಶನದ ತುಂಬ ಪಾರ್ಥೇನಿಯಂ ಇದೆ, ನಮ್ಮ ದಿಂಬಿನ ವಯಸ್ಸು ನಮ್ಮ ಮದುವೆಯಷ್ಟೇ. ಹೊಸ ವೈದ್ಯರೊಬ್ಬರು ಫ್ಲುಟಿಕಸೋನ್ ಸ್ಪ್ರೇ ಶುರುಮಾಡಿದ್ದಾರೆ. ಕಟ್ಟಿದ ಮೂಗು ನಿಧಾನವಾಗಿ ತೆರೆಯುತ್ತಿದೆ. ಚರ್ಮದ ಅಲರ್ಜಿ ಪರೀಕ್ಷೆಗೂ ಬರೆದಿದ್ದಾರೆ. ಈಗ ಎರಡು ಪ್ರಶ್ನೆ. ಸೆಟಿರಿಜಿನ್ ಒಮ್ಮೆಲೇ ನಿಲ್ಲಿಸಿದರೆ ಮೈಯೆಲ್ಲ ತುರಿಸುತ್ತದೆ ಎಂದು ಎಲ್ಲೋ ಓದಿದೆ, ಹೌದೇ? ಪರೀಕ್ಷೆಗೆ ಮುಂಚೆ ನಿಲ್ಲಿಸಬೇಕೇ?

ಕಿವಿ ಮೂಗು ಗಂಟಲು

ತುರಿಕೆಯ ಮಾತು ನಿಜ, ಆದರೆ ಬಹಳ ಅಪರೂಪ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಸೆಟಿರಿಜಿನ್ ಅಥವಾ ಲೆವೊಸೆಟಿರಿಜಿನ್ ಅನ್ನು ತಿಂಗಳು, ವರ್ಷಗಟ್ಟಲೆ ನಿತ್ಯ ನುಂಗಿ ನಿಲ್ಲಿಸಿದವರಲ್ಲಿ 209 ಪ್ರಕರಣಗಳು ಅವರಿಗೆ ವರದಿಯಾಗಿದ್ದವು. ಮಾತ್ರೆಯನ್ನು ಕೋಟ್ಯಂತರ ಜನ ನುಂಗುತ್ತಾರೆ ಎಂಬುದನ್ನೂ ನೆನಪಿಡಿ. ತುರಿಕೆ ಬಂದರೆ ಸಹಿಸುತ್ತ ಕೂರಬೇಡಿ, ವೈದ್ಯರಿಗೆ ಹೇಳಿ; ಮತ್ತೆ ಶುರುಮಾಡಿ ನಿಧಾನವಾಗಿ ತಗ್ಗಿಸುವ ದಾರಿ ಇದೆ.

ಚರ್ಮದ ಪರೀಕ್ಷೆಗೆ ಮುಂಚೆ ಸಾಮಾನ್ಯವಾಗಿ ಒಂದು ವಾರ ಆಂಟಿಹಿಸ್ಟಮಿನ್ ನಿಲ್ಲಿಸಬೇಕು. ಇಲ್ಲದಿದ್ದರೆ ನಿಜವಾಗಿ ಅಲರ್ಜಿ ಇದ್ದರೂ ಗುಳ್ಳೆ ಏಳುವುದಿಲ್ಲ. ಮೂಗಿನ ಸ್ಟೀರಾಯ್ಡ್ ಸ್ಪ್ರೇ ನಿಲ್ಲಿಸಬೇಕಿಲ್ಲ. ನಿಲ್ಲಿಸಲು ಆಗುವುದೇ ಇಲ್ಲ ಎನ್ನುವವರಿಗೆ ರಕ್ತದಲ್ಲಿ ಅಲರ್ಜಿಯ ಪ್ರತಿಕಾಯವನ್ನು ಅಳೆಯುವ ಐಜಿಇ ಪರೀಕ್ಷೆ ಇದೆ, ಅದಕ್ಕೆ ಮಾತ್ರೆ ಅಡ್ಡಿಯಾಗದು.

ದಾವಣಗೆರೆ ಔಷಧದಂಗಡಿ

ಆ ವಾರ ಶೀತ ಬಂದರೆ ಶೀತದ ಮಾತ್ರೆ ಕೂಡ ನುಂಗಬೇಡಿ, ಅದರೊಳಗೆ ಸಿಪಿಎಂ ಇರುತ್ತದೆ. ಕೆಮ್ಮಿನ ಸಿರಪ್ಪಿನಲ್ಲೂ ಇರುತ್ತದೆ. ಪಟ್ಟಿಯ ಹಿಂದೆ ‘ಮಲಿಯೇಟ್’ ಎಂದು ಕೊನೆಯಾಗುವ ಹೆಸರು ಕಂಡರೆ ಒಮ್ಮೆ ಅಂಗಡಿಯಲ್ಲಿ ಕೇಳಿ. ಜ್ವರ ಬಂದರೆ ಬರೀ ಪ್ಯಾರಸಿಟಮಾಲ್ ತೆಗೆದುಕೊಳ್ಳಿ.

ನೆಲಮಂಗಲದ ನೆಗಡಿ

ಸರಿ ಸರ್. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.